ಬೆರಳೆತ್ತುವ ಜಾಗ

ಗುಂಡ್ಲುಪೇಟೆಯಲ್ಲಿ ಹಾಸಿಗೆ ಹೊಲಿಯುವ ಅಜ್ಮತ್ ಉಲ್ಲಾ ಸಾಬರಿಗೆ ನಾನೊಂದು ಮೋಸ ಮಾಡಿದೆ. ಅದನ್ನು ಹೇಳಿಕೊಳ್ಳದಿದ್ದರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಆದರೆ ಅದಕ್ಕೆ ಮೊದಲು ನಮ್ಮ ಶುಕ್ರವಾರದ ಸಂಗತಿ ನಿಮಗೆ ಗೊತ್ತಿರಬೇಕು.

ನಾನು ಚಂದ್ರಕುಮಾರ್, ಹುಟ್ಟಿದ್ದು ಕುದೇರಿನಲ್ಲಿ, ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರಾದವನು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಇಪ್ಪತ್ತಮೂರು ವರ್ಷದ ಹಿಂದೆ ಒಂದು ದಿಂಬಿಗೆ ಹತ್ತಿ ತುಂಬಿಸಲು ಹೋದಾಗ ಸಾಬರ ಅಂಗಡಿಯ ಟೇಪ್ ರೆಕಾರ್ಡರಿನಲ್ಲಿ ಸ್ಯಾಕ್ಸೊಫೋನ್ ಓಡುತ್ತಿತ್ತು.

"ಇದ್ಯಾವೂರ ವಾಲಗ ಸಾಬ್ರೇ?" ಎಂದೆ.

"ಜಾಜ್ ಅಂತಾರೆ ಮೇಷ್ಟ್ರೇ. ಕುಂತ್ಕಳಿ, ಮುಗೀಲಿ, ಆಮೇಲ್ ದಿಂಬು" ಎಂದರು.

ಊಟಿಯ ಯಾವುದೋ ಬಂಗಲೆಯ ಹಾಸಿಗೆಗಳನ್ನು ಹೊಸದಾಗಿ ತುಂಬಿಕೊಟ್ಟಾಗ, ಮನೆ ಖಾಲಿ ಮಾಡುತ್ತಿದ್ದ ಯಜಮಾನರು ಒಂದು ರಟ್ಟಿನ ಪೆಟ್ಟಿಗೆ ತುಂಬ ಕ್ಯಾಸೆಟ್ಟುಗಳನ್ನು ಇವರಿಗೆ ಕೊಟ್ಟುಬಿಟ್ಟಿದ್ದರಂತೆ. ಜಾಜು, ಬ್ಲೂಸು, ರಾಕು, ಎಲ್ಲ ಕಲಸುಮೇಲೋಗರ. ಮುಂದಿನ ಶುಕ್ರವಾರ ನಾನು ತೋಡಿ ರಾಗದ ನಾದಸ್ವರದ ಕ್ಯಾಸೆಟ್ಟು ತೆಗೆದುಕೊಂಡು ಹೋದೆ. ಅಲ್ಲಿಂದ ಶುರುವಾಯಿತು.

ಜುಮ್ಮಾ ನಮಾಜು ಮುಗಿಸಿ ಬಂದ ಮೇಲೆ ಸಾಬರು ಹತ್ತಿ ಹಿಂಜುವ ಯಂತ್ರ ನಿಲ್ಲಿಸುತ್ತಿದ್ದರು. ಇಬ್ಬರೂ ಅರ್ಧ ತುಂಬಿದ ಹಾಸಿಗೆಯ ಮೇಲೆ ಚಪ್ಪಲಿ ಬಿಟ್ಟು ಕೂರುತ್ತಿದ್ದೆವು. ಒಂದು ವಾರ ನನ್ನ ಸರದಿ, ಒಂದು ವಾರ ಅವರದು. ನಮ್ಮ ನೇಮ ಒಂದೇ: ಸಂಗೀತ ನಡೆಯುವಾಗ ಮಾತಾಡಕೂಡದು, ಮನಸ್ಸಿಗೆ ತಾಗಿದ ಜಾಗ ಬಂದಾಗ ಬೆರಳೆತ್ತಬೇಕು. ಅಯ್ಯೋ, ಆ ಬೆರಳಿನ ಮೇಲೆ ಎಷ್ಟು ಜಗಳ! ನಾನೆತ್ತಿದ ಕಡೆ ಅವರು ಎತ್ತುತ್ತಿರಲಿಲ್ಲ. "ಅಲ್ಲೇನೈತೆ ಮಣ್ಣು?" ಎಂದು ಅವರು, "ನಿಮ್ಗೆ ಗಿಟಾರ್ ಕಿರುಚಿದ್ರೇ ಸಂಗೀತ" ಎಂದು ನಾನು. ಒಮ್ಮೆ ಒಂದು ಬ್ಲೂಸ್ ಹಾಡಿನ ವಿಷಯಕ್ಕೆ ಎರಡು ವಾರ ಮಾತು ಬಿಟ್ಟಿದ್ದೆವು.

ಈಚಿನ ಮೂರು ವರ್ಷದಲ್ಲಿ ಜಗಳ ನಿಂತುಹೋಗಿತ್ತು. ನನಗೆ ಎಲ್ಲಿ ಹಿಡಿಸಿತೋ ಅಲ್ಲೇ ಅವರ ಬೆರಳೂ ಏಳುತ್ತಿತ್ತು. ನನ್ನ ಹೆಂಡತಿ ತೀರಿಕೊಂಡಿದ್ದೂ ಅದೇ ಸಮಯದಲ್ಲಿ. ಈ ಊರಿನಲ್ಲಿ ನನ್ನ ಕಿವಿಗೆ ಜೊತೆಯಾಗಿ ಇನ್ನೊಂದು ಕಿವಿ ಇದೆಯಲ್ಲ ಎಂದು ನಾನು ಹಿಗ್ಗಿದ್ದೇ ಹಿಗ್ಗಿದ್ದು. ಉಳಿದವರಿಗೆ ಕೇಳಿಸುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ಸಾಬರ ಮುಂದೆಯೇ ಜಂಬ ಕೊಚ್ಚಿದ್ದೇನೆ.

ಹೋದ ಆಷಾಢದಲ್ಲಿ ಒಂದು ಶುಕ್ರವಾರ ಅಂಗಡಿಯ ಹಿಂದಿನ ಅವರ ಮನೆಯೊಳಗೆ ಕುಕ್ಕರ್ ನಾಲ್ಕು ಸಲ ಕೂಗಿತು. ಸಾಬರ ಹೆಂಡತಿ ಹಮೀದಾ ಹಿತ್ತಿಲಿನಿಂದ, ಸ್ಟೌವ್ ಆರಿಸಿ ಎಂದು ಕೂಗಿದರು. ಸಾಬರು ಕದಲಲಿಲ್ಲ. ಸಂಗೀತದಲ್ಲಿ ಮುಳುಗಿದ್ದಾರೆ ಅಂದುಕೊಳ್ಳೋಣವೆಂದರೆ, ನಾನಿನ್ನೂ ಹಾಡು ಹಾಕಿರಲೇ ಇಲ್ಲ!

ಆ ವಾರವೆಲ್ಲ ನಿದ್ದೆ ಬರಲಿಲ್ಲ. ಸಾಬರ ಕಿವಿ ಹೋಗಿದ್ದರೆ? ಹೋಗಿದ್ದರೆ ನಾನಿನ್ನು ಯಾರಿಗೆ ಕೇಳಿಸಲಿ? ನೋಡಿ ನನ್ನ ಯೋಗ್ಯತೆ, ಅವರ ಕಿವಿಗಿಂತ ನನ್ನ ಶುಕ್ರವಾರದ ಚಿಂತೆಯೇ ನನಗೆ ದೊಡ್ಡದಾಗಿತ್ತು. ಬಾಯಿಬಿಟ್ಟು ಕೇಳಲು ಹೆದರಿಕೆ. ಹಾಗಾಗಿ ಮುಂದಿನ ಶುಕ್ರವಾರ ಮೊಬೈಲಿನಲ್ಲಿ ವೀಣೆ ಹಾಕಿದೆ, ಅದಕ್ಕೆ ಜೋಡಿಸುವ ಪುಟ್ಟ ಸ್ಪೀಕರಿನ ದೀಪ ಹತ್ತಿಸಿದೆ, ವಾಲ್ಯೂಮ್ ಮಾತ್ರ ಸೊನ್ನೆ ಮಾಡಿದೆ. ಈಗಲಾದರೂ "ಸೌಂಡ್ ಬತ್ತಿಲ್ಲ ಮೇಷ್ಟ್ರೇ" ಅನ್ನಲಿ ಎಂದು ಮನೆದೇವರನ್ನೆಲ್ಲ ಬೇಡಿಕೊಂಡೆ.

ಸಾಬರು ತಲೆ ತಗ್ಗಿಸಿ ಕೂತರು. ಒಂದು ನಿಮಿಷ, ಎರಡು ನಿಮಿಷ. ಹೊರಗೆ ಕೇರಳದ ತರಕಾರಿ ಲಾರಿಗಳು ಹೋಗುವುದು ಬಿಟ್ಟರೆ ಬೇರೆ ಸದ್ದಿಲ್ಲ. ತಳಮಳ ತಡೆಯಲಾರದೆ ನಾನು ಕಾಲು ಮಿಸುಕಿಸಿದೆ. ತಕ್ಷಣ ಸಾಬರ ಬೆರಳು ಮೇಲೆದ್ದಿತು.

"ವಾಹ್! ಏನ್ ನುಡುಸ್ತಾರೆ ಮೇಷ್ಟ್ರೇ!"

ನನ್ನ ಸಿಟ್ಟು ನೆತ್ತಿಗೇರಿತು. ಸ್ಪೀಕರನ್ನು ಅವರ ಕಿವಿಗೇ ಹಿಡಿದು, "ಏನ್ ನುಡುಸ್ತಾ ಅವ್ರೆ? ಹೇಳಿ! ಏನೂ ಇಲ್ಲ ಇದ್ರಲ್ಲಿ! ನನ್ ಮುಂದೇನೇ ನಾಟ್ಕ ಆಡ್ತೀರಾ?" ಎಂದು ಅರಚಿದೆ.

ಟೀ ಹಿಡಿದು ಬಂದಿದ್ದ ಹಮೀದಾ ಲೋಟಗಳನ್ನು ನೆಲಕ್ಕಿಟ್ಟರು.

"ಅವ್ರನ್ನ ಬೈಬ್ಯಾಡಿ ಭಯ್ಯಾ. ಮಿಷನ್ ಸದ್ದಿಗೆ ಕಿವಿ ಹೋಗಿ ಮೂರ್ ವರ್ಸ ಆಯ್ತು. ಎದ್ರಿಗ್ ಕುಂತ್ರೆ ತುಟಿ ನೋಡಿ ತಿಳ್ಕತಾರೆ. ಹಾಡು ಏನೂ ಕೇಳ್ಸಲ್ಲ. ನಿಮ್ಗೆ ಇಷ್ಟ ಆದ್ ಜಾಗ ಬಂದ್ರೆ ನಿಮ್ ಕಾಲ್ ಹೆಬ್ಬೆಟ್ಟು ಎದ್ಬುಡ್ತದಂತೆ. ಅದ್ನ ನೋಡ್ಕಂಡು ಬೆರಳ್ ಎತ್ತಾರೆ."

ನನ್ನ ಹೆಬ್ಬೆರಳು ಏಳುತ್ತದೆಂದು ಅರವತ್ತಾರು ವರ್ಷದಲ್ಲಿ ನನಗೇ ಗೊತ್ತಿರಲಿಲ್ಲ. ಸಾಬರು ಹಾಸಿಗೆಯ ಹೊಲಿಗೆಯನ್ನೇ ಸವರುತ್ತ, "ಹೇಳುದ್ರೆ ನೀವು ಬರಾದ್ ನಿಲ್ಲುಸ್ಬುಡ್ತೀರಿ ಅಂತ..." ಎಂದರು. ನನಗೆ ಭೂಮಿಗೆ ಇಳಿದುಹೋದಂತಾಯಿತು.

ಸೋಮವಾರ ಬಲವಂತ ಮಾಡಿ ಚಾಮರಾಜನಗರಕ್ಕೆ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದೆ. ಪೂರ್ತಿ ಹೋಗಿದೆ ಎಂದುಬಿಟ್ಟರೆ ಏನು ಮಾಡುವುದೆಂದು ದಾರಿಯುದ್ದಕ್ಕೂ ಅವರಿಗೂ ಪುಕಪುಕ, ನನಗೂ ಪುಕಪುಕ. ಪರೀಕ್ಷೆ ಮಾಡುವ ಹುಡುಗಿ ಹರ್ಷಿತಾ ಸಾಬರನ್ನು ಗಾಜಿನ ಕಿಟಕಿಯ ಗೂಡಿನಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, "ಅಂಕಲ್, ಎಷ್ಟ್ ಸಣ್ಣ ಸೌಂಡ್ ಬಂದ್ರೂ ಬೆರಳೆತ್ತಿ" ಎಂದು ಕೈ ಮಾಡಿ ತೋರಿಸಿದಳು.

ಸಾಬರು ಗಾಜಿನಾಚೆಯಿಂದ ನೆಟ್ಟಗೆ ನನ್ನನ್ನೇ ನೋಡಿದರು. ಹರ್ಷಿತಾ ಸದ್ದು ಬಿಡಲು ಒತ್ತುವ ಗುಂಡಿ ನನ್ನ ಕಣ್ಣೆದುರಿಗೇ ಇತ್ತು. ನಾನೊಂದು ಹುಬ್ಬು ಹಾರಿಸಿದರೆ ಸಾಕಿತ್ತು. ಎದ್ದು ಗೋಡೆಗೆ ಮುಖ ಮಾಡಿ ನಿಂತುಬಿಟ್ಟೆ.

ಮುಕ್ಕಾಲು ಗಂಟೆಯ ಮೇಲೆ ಹೊರಬಂದವರೇ, "ಕೈ ಬುಟ್ಬುಟ್ರಲ್ಲ ಮೇಷ್ಟ್ರೇ!" ಎಂದರು.

"ನನ್ ಮುಖ ನೋಡಿದ್ರೆ ಪಾಸಾಗೋಗಿರೋರು. ಅದ್ಕೇ" ಎಂದೆ.

ದಪ್ಪ ದನಿಗಳು ಸ್ವಲ್ಪ ಉಳಿದಿವೆ, ಸಣ್ಣವು ಹೋಗಿವೆ, ಕಿವಿಗೆ ಹಾಕುವ ಮಿಷನ್ನು ಎರಡು ವಾರದಲ್ಲಿ ಬರುತ್ತದೆ ಎಂದಳು ಹರ್ಷಿತಾ. ಮಾತು ಕೇಳುತ್ತದಂತೆ. ಸಂಗೀತ? "ಅದು ಒಬ್ಬೊಬ್ಬರಿಗೆ ಒಂದೊಂದ್ ಥರ ಸಾರ್. ಕೆಲವ್ರಿಗೆ ತಗಡು ಬಡಿದಂಗೆ ಕೇಳುತ್ತೆ ಅಂತಾರೆ. ಹಾಕಿ ನೋಡ್ಬೇಕಷ್ಟೇ."

ವಾಪಸು ಬರುವ ಬಸ್ಸು ತೆರಕಣಾಂಬಿ ದಾಟಿತು. ಆಮೇಲೆ ಸಾಬರು ಕೇಳಿದರು:

"ಮೂರ್ ವರ್ಸದಿಂದ ನೀವ್ ತಂದಿದ್ ಒಂದೂ ನಾನ್ ಕೇಳಿಲ್ಲ. ಎಲ್ಲಾ ಮೊದಲ್ನಿಂದ ತತ್ತೀರಾ?"

ತಲೆಯಾಡಿಸಿದೆ.

"ಮಿಷನ್ ಹಾಕಂಡು ಕೇಳಿ, ನಂಗಿದು ಇಡುಸ್ಲಿಲ್ಲ ಅಂದ್ಬುಟ್ರೆ?"

ಕಿಟಕಿಯ ಕಡೆ ಮುಖ ಮಾಡಿಕೊಂಡು, "ಜಗಳ ಆಡನ ಬುಡಿ" ಎಂದೆ.

"ಏನಂದ್ರಿ?"

ನನ್ನ ತುಟಿ ಅವರಿಗೆ ಕಂಡಿರಲಿಲ್ಲ. ಇಷ್ಟು ವರ್ಷದ ಸಿಟ್ಟನ್ನೆಲ್ಲ ಒಟ್ಟುಮಾಡಿ, ಅವರ ಕಿವಿಗೆ ಬಾಯಿಟ್ಟು ಕೂಗಿದೆ: "ಜಗಳ ಆಡನ ಅಂದೆ ಕಣ್ರೀ!"

ಇಡೀ ಬಸ್ಸು ನಮ್ಮ ಕಡೆ ತಿರುಗಿತು. ಸಾಬರಿಗೂ ಕೇಳಿಸಿತು.