ಹಾಯಿದೋಣಿಯಲ್ಲಿ ಅಮ್ಮನ ಜಾಗ

ಹೋದ ತಿಂಗಳು ಮಗಳ ಓದುವ ಮೇಜು ರಿಪೇರಿ ಮಾಡಿಸಲು ಬಾಗಲಗುಂಟೆಯ ಬಡಗಿಯೊಬ್ಬರ ಅಂಗಡಿಗೆ ಹೋಗಿದ್ದೆ. ಒಳಗೆ ಯಾವುದೋ ಬಾಗಿಲಿಗೆ ವಾರ್ನಿಷ್ ಬಳಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದ ಕೆಲಸ ಮರೆತು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. 'ಯಾಕ್ ಮೇಡಂ, ತಲೆ ಸುತ್ತುತ್ತಾ? ನೀರು ಕೊಡ್ಲಾ?' ಎಂದು ಬಡಗಿ ಗಾಬರಿಯಾದರು. ಕೆಲವರಿಗೆ ತವರೆಂದರೆ ಮಲ್ಲಿಗೆಯ ವಾಸನೆ, ಕೆಲವರಿಗೆ ಹುರಿದ ಕಾಫಿಬೀಜದ್ದು. ನನಗೆ ವಾರ್ನಿಷ್. ದೀಪಾವಳಿ ಕಳೆದ ಮೇಲೆ ನಮ್ಮ ಕ್ವಾರ್ಟರ್ಸಿನ ಎರಡು ಕೋಣೆಯ ಮನೆಯಲ್ಲಿ ಸಾರಿನ ಒಗ್ಗರಣೆಯನ್ನೂ ಮೀರಿ ಅದೇ ಘಮ ತುಂಬಿಕೊಂಡಿರುತ್ತಿತ್ತು. ಅಪ್ಪ ಕೆಲಸ ಮುಗಿಸಿ ಬಂದವನೇ ಬನಿಯನ್ನಿನಲ್ಲಿ ವರಾಂಡದಲ್ಲಿ ಕೂತು ದೋಣಿಯ ಚುಕ್ಕಾಣಿಗೆ ಮರಳುಕಾಗದ ಉಜ್ಜುತ್ತಿದ್ದ, ಅಮ್ಮ ಹರಿದ ಹಾಯಿಯನ್ನು ತೊಡೆಯ ಮೇಲೆ ಹರಡಿಕೊಂಡು ದಬ್ಬಳದಿಂದ ಹೊಲಿಯುತ್ತಿದ್ದಳು. ನಾನು ಆ ಹಾಯಿಯ ಇನ್ನೊಂದು ತುದಿಯ ಮೇಲೆ ಮಲಗಿ ಹೋಂವರ್ಕ್ ಮಾಡುತ್ತಿದ್ದೆ.

ಪೀಣ್ಯದಲ್ಲಿ ಹಾಯಿದೋಣಿಯೇ ಎಂದು ನೀವು ಹುಬ್ಬೇರಿಸಬಹುದು. ಆದರೆ ನೀವೂ ನನ್ನ ಹಾಗೆ ಸೈರನ್ನಿಗೆ ಎದ್ದು ಸೈರನ್ನಿಗೆ ಊಟ ಮಾಡಿದ ಕಾರ್ಖಾನೆಯ ಮಕ್ಕಳಾಗಿದ್ದರೆ ಆಶ್ಚರ್ಯಪಡುವುದಿಲ್ಲ. ಸರ್ಕಾರಿ ಕಾರ್ಖಾನೆಗಳಲ್ಲಿ ಆಗ ನಾಟಕದ ಸಂಘವಿತ್ತು, ಗುಲಾಬಿ ಬೆಳೆಸುವವರ ಸಂಘವಿತ್ತು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂಬ ಹಾಗೆ ನಮ್ಮ ಕಾರ್ಖಾನೆಯಲ್ಲಿ ಹಾಯಿದೋಣಿಯ ಸಂಘವೂ ಇತ್ತು. ಯಾವುದೋ ಕಾಲದ ದೊಡ್ಡ ಸಾಹೇಬರೊಬ್ಬರ ಹುಚ್ಚು ಅದು. ಅವರು ನಿವೃತ್ತರಾಗಿ ಹೋದರೂ ಹುಚ್ಚು ಇಲ್ಲೇ ಉಳಿಯಿತು. ಕ್ವಾರ್ಟರ್ಸಿನ ಹಿಂದಿನ ಹೊಂಗೆಕಟ್ಟೆ ಕೆರೆಯ ದಡದಲ್ಲಿ ಒಂದು ತಗಡಿನ ಶೆಡ್ಡು, ಅದರೊಳಗೆ ಪ್ಲೈವುಡ್ಡಿನ ಎಂಟು ಪುಟ್ಟ ದೋಣಿಗಳು. ಕೆರೆ ತುಂಬಿ ಮೂಡಗಾಳಿ ಶುರುವಾದ ಮೇಲೆ ಒಂದು ಭಾನುವಾರ ಆರು ಗಂಟೆಗಳ ರೇಸು ನಡೆಯುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಸೀಟಿ ಊದಿದರೆ ಸಂಜೆ ನಾಲ್ಕರವರೆಗೆ ದೋಣಿ ದಡ ಮುಟ್ಟುವಂತಿಲ್ಲ. ಒಂದು ದೋಣಿಗೆ ಇಬ್ಬರು. ನೀರಿನಲ್ಲಿ ತೇಲಿಬಿಟ್ಟ ಮೂರು ಡ್ರಮ್ಮುಗಳನ್ನು ಯಾರು ಹೆಚ್ಚು ಸಲ ಸುತ್ತುತ್ತಾರೋ ಅವರು ಗೆದ್ದಂತೆ. ಹೊಟ್ಟೆಯ ಪಾಡಿಗೂ ಒಂದು ಪದ್ಧತಿಯಿತ್ತು. ಮನೆಯ ಹೆಂಗಸರು ಬಿದಿರುಗಳುವಿನ ತುದಿಗೆ ಬುತ್ತಿ ಕಟ್ಟಿ, ಮೊಣಕಾಲುದ್ದ ನೀರಿಗಿಳಿದು ಚಾಚಬೇಕು. ದೋಣಿಯವರು ಹಾದುಹೋಗುತ್ತಲೇ ಅದನ್ನು ಕಿತ್ತುಕೊಳ್ಳಬೇಕು. ಎಷ್ಟೋ ಮನೆಗಳ ಪುಳಿಯೋಗರೆ ಮೀನುಗಳ ಪಾಲಾದದ್ದುಂಟು. ಅಮ್ಮನ ಬುತ್ತಿ ಮಾತ್ರ ಒಂದು ಸಲವೂ ನೀರಿಗೆ ಬೀಳಲಿಲ್ಲ.

ಹೇಗೆ ಬಿದ್ದೀತು? ಅಮ್ಮ ಆ ಕೆರೆಯ ನೀರಗಂಟಿಯ ಮಗಳು. ಹೊಲಗದ್ದೆಗಳೆಲ್ಲ ಶೆಡ್ಡುಗಳಾಗುವ ಮೊದಲು ತೂಬು ಎತ್ತಿ ಊರಿಗೆ ನೀರು ಬಿಡುತ್ತಿದ್ದವನು ನನ್ನ ಅಜ್ಜ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಪ್ಪ ಇರಲು ಒಂದು ಕೋಣೆ ಕೇಳಿಕೊಂಡು ಆ ಮನೆಗೆ ಹೋದವನು ಕೊನೆಗೆ ಮಗಳನ್ನೇ ಕೇಳಿದ ಎಂದು ಮುನಿರಾಜು ಅಂಕಲ್ ಛೇಡಿಸುತ್ತಿದ್ದರು. ಅಂಕಲ್ ಅಪ್ಪನ ಲೇತಿನ ಪಕ್ಕದ ಲೇತಿನವರು, ದೋಣಿಯಲ್ಲೂ ಅಪ್ಪನ ಜೊತೆಗಾರರು. ಇಬ್ಬರೂ ಪುಸ್ತಕ ಓದಿ ಹಾಯಿ ಕಲಿತವರು. ಅಮ್ಮ ಓದಿದ್ದು ಮೂರನೇ ಕ್ಲಾಸು, ಆದರೆ ಅವಳಿಗೆ ಗಾಳಿ ಗೊತ್ತಿತ್ತು. ರೇಸಿನ ಹಿಂದಿನ ದಿನ ಕೆರೆಯ ಏರಿಯ ಮೇಲೆ ನಿಂತು ಸೆರಗು ಹಾರುವುದನ್ನು ನೋಡಿ, 'ಮದ್ಯಾನ ನಡುಗೆರೇಲಿ ಗಾಳಿ ಸತ್ತೋಯ್ತದೆ ಕಣ್ರೀ, ತೂಬಿನ ತಾವ್ಲೇ ಓಗ್ರಿ, ಅಲ್ಲಿ ಮಾತ್ರ ಆಡ್ತಿರ್ತದೆ' ಎನ್ನುತ್ತಿದ್ದಳು. ಅವಳು ಹೇಳಿದ ಹಾಗೇ ಆಗುತ್ತಿತ್ತು. ಆದರೂ ಅವಳು ದೋಣಿ ಹತ್ತಿದವಳಲ್ಲ. ಹತ್ತು ಎಂದು ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ, ರೇಸಿಗೆ ಇನ್ನು ಎಂಟು ದಿನ ಇದೆಯೆನ್ನುವಾಗ ಮುನಿರಾಜು ಅಂಕಲ್ ಸೈಕಲ್ಲಿನಿಂದ ಬಿದ್ದು ಮುಂಗೈ ಮುರಿದುಕೊಂಡರು. ಅಪ್ಪ ಎರಡು ದಿನ ಮಂಕಾಗಿದ್ದ. ಮೂರನೆಯ ದಿನ ಊಟಕ್ಕೆ ಕೂತವನು ತಲೆಯೆತ್ತದೆ, 'ಮನೆಯವ್ರು ಯಾರಾದ್ರೂ ಆಗಬಹುದು ಅಂತ ರೂಲ್ಸಲ್ಲಿದೆ. ನೀನೇ ಬಂದ್ಬಿಡೇ' ಎಂದ. ಅಮ್ಮ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟು, 'ನಾನಾ?' ಎಂದಳು. ಅವಳ ಮುಖದಲ್ಲಿ ಆಗ ಕಂಡ ಬೆಳಕನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ. ಮಾರನೆಯ ದಿನದಿಂದ ಇಬ್ಬರೂ ಬೆಳಗಿನ ಜಾವ ಎದ್ದು ಕೆರೆಗೆ ಹೋಗತೊಡಗಿದರು. ಸೀರೆಯಲ್ಲಿ ದೋಣಿಯೊಳಗೆ ಕೂರಲಾಗದು. ಅಪ್ಪನ ಹಳೆಯ ನೀಲಿ ಯೂನಿಫಾರಂ ಪ್ಯಾಂಟಿನ ಕಾಲನ್ನು ಅಮ್ಮ ಮೇಲಕ್ಕೆ ಮಡಿಸಿ ಹೊಲಿದುಕೊಂಡಳು, ಸೊಂಟಕ್ಕೆ ಹಾಯಿಯ ಹಗ್ಗದ್ದೇ ಒಂದು ತುಂಡು ಬಿಗಿದುಕೊಂಡಳು. ನಾನು ಶಾಲೆಗೆ ಹೊರಡುವ ಹೊತ್ತಿಗೆ ವಾಪಸಾಗುತ್ತಿದ್ದರು. ಅಪ್ಪ ಚಪ್ಪಲಿ ಬಿಡುತ್ತಲೇ, 'ನಿಮ್ಮಮ್ಮನ ಮುಂದೆ ಆ ಮುನಿರಾಜ ಏನೂ ಅಲ್ಲ ಕಣೇ, ಈ ಸಲ ಕಪ್ಪು ನಮ್ದೇ' ಎನ್ನುತ್ತಿದ್ದ. ಅಮ್ಮ ಒದ್ದೆ ಕೂದಲಲ್ಲೇ ಚಿತ್ರಾನ್ನ ಕಲಸುತ್ತಾ ಒಬ್ಬಳೇ ನಗುತ್ತಿದ್ದಳು. ಒಂದು ಬೆಳಿಗ್ಗೆಯಂತೂ ಉಪ್ಪು ಹಾಕುವುದನ್ನೇ ಮರೆತಿದ್ದಳು.

ನನ್ನ ತಲೆಯೊಳಗೆ ಆಗ ಬೇರೆಯದೇ ರೇಸು ನಡೆದಿತ್ತು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಶಾಲಿನಿ. ಅವಳ ತಂದೆ ಅಪ್ಪನ ಕಾರ್ಖಾನೆಯಲ್ಲೇ ಆಫೀಸರು, ತಾಯಿ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಸ್ಕೂಟರ್ ಓಡಿಸುತ್ತಿದ್ದರು. ನಮ್ಮಮ್ಮ 'ಹೋಗು' ಎನ್ನಲು 'ಓಗು' ಎನ್ನುತ್ತಿದ್ದಳು. ಅವಳು ಪೇರೆಂಟ್ಸ್ ಮೀಟಿಂಗಿಗೆ ಬಾರದ ಹಾಗೆ ನಾನು ಎಷ್ಟು ಸುಳ್ಳು ಹೇಳಿದ್ದೆನೋ ಲೆಕ್ಕವಿಲ್ಲ. ರೇಸಿನ ದಿನ ಏರಿಯ ಮೇಲೆ ಶಾಮಿಯಾನ, ಮೈಕು, ಬಣ್ಣದ ಕಾಗದ. ನಾನು ಶಾಲಿನಿಯ ಜೊತೆ ಐಸ್‌ಕ್ಯಾಂಡಿ ಚೀಪುತ್ತಾ ನಿಂತಿದ್ದೆ. ಶೆಡ್ಡಿನಿಂದ ಅಮ್ಮ ಹೊರಗೆ ಬಂದಳು. ಅಪ್ಪನ ಪ್ಯಾಂಟು, ಅಪ್ಪನ ಷರಟು, ಅದರ ಮೇಲೆ ಲೈಫ್ ಜಾಕೆಟ್ಟು, ಹಗ್ಗದ ಬೆಲ್ಟು, ಹಣೆಯಲ್ಲಿ ಕಾಸಗಲದ ಕುಂಕುಮ. 'ಅದ್ಯಾರೇ, ನಿಮ್ಮಮ್ಮನಾ?' ಎಂದಳು ಶಾಲಿನಿ. ಅವಳ ದನಿಯಲ್ಲಿ ಕುಹಕವಿತ್ತೋ ಬರೀ ಕುತೂಹಲವಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಇಷ್ಟು ವರ್ಷವಾದ ಮೇಲೆ, ಕುತೂಹಲವೇ ಇದ್ದಿರಬೇಕು ಎನ್ನಿಸುತ್ತದೆ.

ನಾನು ಓಡಿಹೋಗಿ ಅಮ್ಮನನ್ನು ಶೆಡ್ಡಿನ ಮರೆಗೆ ಎಳೆದೆ. 'ನೀನು ಹೀಗೆ ಗಂಡಸರ ಥರ ವೇಷ ಹಾಕ್ಕೊಂಡು ಎಲ್ರ ಮುಂದೆ ಕೂತ್ಕೊಂಡ್ರೆ ನಾಳೆಯಿಂದ ನಾನು ಸ್ಕೂಲಿಗೆ ಹೋಗಲ್ಲ. ನೀನು ನಮ್ಮಮ್ಮ ಅಂತ ಹೇಳ್ಕೊಳ್ಳೋಕೇ ನಂಗೆ ನಾಚಿಕೆ ಆಗುತ್ತೆ' ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಮ್ಮ ಸಿಟ್ಟಾಗಲಿಲ್ಲ. ಒಂದು ಕ್ಷಣ ತನ್ನ ಪ್ಯಾಂಟನ್ನು ತಾನೇ ಬಗ್ಗಿ ನೋಡಿಕೊಂಡಳು, ಅದು ಎಲ್ಲಾದರೂ ಹರಿದಿದೆಯೇ ಎನ್ನುವ ಹಾಗೆ. ಆಮೇಲೆ ನನ್ನ ಗಲ್ಲದ ಮೇಲೆ ಇಳಿದಿದ್ದ ಐಸ್‌ಕ್ಯಾಂಡಿಯ ಬಣ್ಣವನ್ನು ಹೆಬ್ಬೆರಳಿನಿಂದ ಒರೆಸಿ, 'ಆಯ್ತು ಬುಡು' ಎಂದಳು. ಅಪ್ಪನ ಹತ್ತಿರ ಹೋಗಿ, 'ನಂಗ್ಯಾಕೋ ಎದೆ ಡವಡವ ಅಂತೈತೆ. ಇಷ್ಟು ಜನ ನೋಡಿ ಕೈಕಾಲೇ ಆಡ್ತಿಲ್ಲ. ನಾ ಬರಾಕಿಲ್ಲ' ಎಂದಳು. ಅಪ್ಪ ಬೇಡಿದ, ಗದರಿದ. ಅಲ್ಲಿದ್ದವರೆಲ್ಲ ಧೈರ್ಯ ಹೇಳಿದರು. ಅಮ್ಮ ಕದಲಲಿಲ್ಲ. ಸೀಟಿ ಊದಲು ಐದೇ ನಿಮಿಷವಿತ್ತು. 'ಮಗೀನ ಕರ್ಕೊಂಡು ಓಗ್ರಿ, ಅಗುರಾಗವ್ಳೆ, ದೋಣಿ ಓಡ್ತದೆ' ಎಂದು ಅಮ್ಮನೇ ತಾನು ಹಾಕಿಕೊಂಡಿದ್ದ ಲೈಫ್ ಜಾಕೆಟ್ಟನ್ನು ಬಿಚ್ಚಿ ನನಗೆ ತೊಡಿಸಿದಳು. ಅದು ಅವಳ ಮೈಯ ಶಾಖಕ್ಕೆ ಇನ್ನೂ ಬೆಚ್ಚಗಿತ್ತು.

ಆರು ಗಂಟೆ ನಾನು ಅಮ್ಮನ ಜಾಗದಲ್ಲಿ ಕೂತೆ. ಅಪ್ಪ ಎಳೆ ಎಂದಾಗ ಹಗ್ಗ ಎಳೆದೆ, ಬಾಗು ಎಂದಾಗ ಬಾಗಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು, ಬೆನ್ನು ಸುಟ್ಟಿತು. ಆದರೆ ನಿಜ ಹೇಳಬೇಕೆಂದರೆ ಆ ಸುಖವೇ ಬೇರೆ. ದಡದ ಗದ್ದಲವೆಲ್ಲ ಹಿಂದಾಗಿ ಹಾಯಿಯ ಪಟಪಟ ಸದ್ದು, ತಳದಲ್ಲಿ ನೀರು ಸರಿಯುವ ಸದ್ದು ಎರಡೇ ಉಳಿಯುತ್ತಿದ್ದವು. ದೋಣಿ ಒಂದು ಕಡೆಗೆ ವಾಲಿ ಓಡುವಾಗ ಹೊಟ್ಟೆಯೊಳಗೆ ಕಚಗುಳಿಯಾಗುತ್ತಿತ್ತು. ಅಮ್ಮ ಆ ಐದು ಬೆಳಿಗ್ಗೆ ಒಬ್ಬಳೇ ಏಕೆ ನಗುತ್ತಿದ್ದಳೆಂದು ನನಗೆ ಆಗ ಅರ್ಥವಾಯಿತು. ಒಂದು ಗಂಟೆಯ ಹೊತ್ತಿಗೆ ದಡದ ಹತ್ತಿರ ಬಂದಾಗ ಅಮ್ಮ ನೀರಿನಲ್ಲಿ ನಿಂತಿದ್ದಳು. ಪ್ಯಾಂಟು ಕಳಚಿ ಸೀರೆ ಉಟ್ಟಿದ್ದಳು. ನಾನು ಬುತ್ತಿ ಕಿತ್ತುಕೊಳ್ಳಲು ಬಾಗಿದಾಗ ಅವಳು ನನ್ನ ಮುಖವನ್ನೇ ನೋಡುತ್ತಾ, 'ತೂಬಿನ ತಾವ ಓಗಿ' ಎಂದು ಕೂಗಿದಳು. ಎರಡು ಗಂಟೆಗೆ ನಡುಗೆರೆಯಲ್ಲಿ ಉಳಿದ ದೋಣಿಗಳೆಲ್ಲ ಹಾಯಿ ಜೋಲುಬಿಟ್ಟುಕೊಂಡು ನಿಂತವು. ನಮ್ಮದು ಮಾತ್ರ ತೂಬಿನ ಬದಿಯಲ್ಲಿ ನಿಧಾನವಾಗಿ ಸಾಗುತ್ತಲೇ ಇತ್ತು. ನಾವು ಗೆದ್ದೆವು.

ಕಪ್ಪು ಕೊಟ್ಟವರು ಶಾಲಿನಿಯ ತಂದೆ. ಅಪ್ಪ ನನ್ನನ್ನು ಭುಜದ ಮೇಲೆ ಕೂರಿಸಿಕೊಂಡು ಏರಿಯ ಮೇಲೆ ಕುಣಿದ. ಶಾಲಿನಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಅಮ್ಮ ಖಾಲಿ ಬುತ್ತಿಯ ಬಟ್ಟೆ ಹಿಂಡುತ್ತಾ ಹೆಂಗಸರ ಮಧ್ಯೆ ನಿಂತು ನಗುತ್ತಿದ್ದಳು. 'ತಾಯಿ ಹೆದರಿ ದಡದಲ್ಲಿ ನಿಂತ್ಲು, ಮಗಳು ಕಪ್ಪು ಹೊಡ್ಕೊಂಡು ಬಂದ್ಲು' ಎಂದು ಮುನಿರಾಜು ಅಂಕಲ್ ಮುರಿದ ಕೈಯನ್ನು ಕುತ್ತಿಗೆಗೆ ತೂಗುಹಾಕಿಕೊಂಡೇ ಮೈಕಿನಲ್ಲಿ ಹೇಳಿದರು. ಆ ಮಾತು ನಮ್ಮ ಮನೆಯ ಗಾದೆಯೇ ಆಗಿಹೋಯಿತು. ನೆಂಟರು ಬಂದಾಗ ಅಪ್ಪ ಹೇಳುತ್ತಿದ್ದ. ನನ್ನ ಮದುವೆಯಲ್ಲಿ ಬೀಗರ ಎದುರಿಗೂ ಹೇಳಿದ. ಪ್ರತಿ ಸಲವೂ ಅಮ್ಮ ಎಲ್ಲರ ಜೊತೆ ನಕ್ಕು, 'ಊಂ ಮತ್ತೆ, ನಂಗೆ ಜನ ಕಂಡ್ರೆ ಭಯ' ಎನ್ನುತ್ತಿದ್ದಳು. ನನ್ನ ಕಡೆಗೆ ಒಂದು ಸಲವೂ ನೋಡುತ್ತಿರಲಿಲ್ಲ.

ಮುಂದಿನ ವರ್ಷ ತಾನು ಅವಳನ್ನು ಹೊತ್ತುಕೊಂಡಾದರೂ ಹೋಗಿ ದೋಣಿಯಲ್ಲಿ ಕೂರಿಸುವುದಾಗಿ ಅಪ್ಪ ಹೇಳುತ್ತಿದ್ದ. ನಾನೂ ಮನಸ್ಸಿನಲ್ಲೇ, ಮುಂದಿನ ಸಲ ಸುಮ್ಮನಿರುತ್ತೇನೆ ಎಂದುಕೊಂಡಿದ್ದೆ. ಮುಂದಿನ ಸಲ ಬರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಮೇಲಿನ ಬಡಾವಣೆಗಳ ಕೊಳಚೆಯೆಲ್ಲ ಕೆರೆಗೆ ಹರಿದು ನೀರು ಕಪ್ಪಾಯಿತು, ಮೀನು ಸತ್ತು ತೇಲಿದವು, ಅಂತರಗಂಗೆ ಕಳೆ ಹಬ್ಬಿ ದೋಣಿ ಇಳಿಸಲು ಜಾಗವೇ ಇಲ್ಲವಾಯಿತು. ಈ ವರ್ಷ ರೇಸ್ ಇಲ್ಲ ಎಂದು ಶೆಡ್ಡಿನ ಬಾಗಿಲಿಗೆ ಚೀಟಿ ಅಂಟಿಸಿದರು. ಆ ಚೀಟಿ ಬಿಸಿಲಿಗೆ ಬಿಳಿಚಿ ಉದುರಿದರೂ ಮತ್ತೆ ರೇಸಿನ ವರ್ಷ ಬರಲಿಲ್ಲ. ಅಮ್ಮ ಆ ನೀಲಿ ಪ್ಯಾಂಟನ್ನು ಸ್ವಲ್ಪ ಕಾಲ ಇಟ್ಟುಕೊಂಡಿದ್ದು, ಆಮೇಲೆ ಕತ್ತರಿಸಿ ಒಲೆಯ ಪಾತ್ರೆ ಇಳಿಸಲು ಮಸಿಬಟ್ಟೆ ಮಾಡಿಕೊಂಡಳು. ಕಾಲೇಜಿಗೆ ಹೋಗುವವರೆಗೂ ನಾನು ಅದೇ ಬಟ್ಟೆಯಲ್ಲಿ ಹಾಲಿನ ಪಾತ್ರೆ ಇಳಿಸಿದ್ದೇನೆ. ಈಗ ಕಾರ್ಖಾನೆ ಇಲ್ಲ, ಕ್ವಾರ್ಟರ್ಸ್ ಇಲ್ಲ. ಕೆರೆಗೆ ಬೇಲಿ ಹಾಕಿ ವಾಕಿಂಗ್ ದಾರಿ ಮಾಡಿದ್ದಾರೆ. ದಾಸರಹಳ್ಳಿಯ ಕಡೆಯಿಂದ ಮೆಟ್ರೋದಲ್ಲಿ ಬರುವಾಗ ನಾನು ಆ ದಿಕ್ಕಿಗೆ ಕಿಟಕಿಯಿಂದ ನೋಡುತ್ತೇನೆ, ಗೋಡೌನುಗಳ ತಗಡು ಬಿಟ್ಟರೆ ಏನೂ ಕಾಣುವುದಿಲ್ಲ.

ಅಪ್ಪ ಹೆಂಡತಿಯನ್ನು ಪುಕ್ಕಲಿ ಎಂದು ನಂಬಿಕೊಂಡೇ ತೀರಿಹೋದ. ಹೇಳಬಹುದಿತ್ತು. ಅವನು ಬೈಯುತ್ತಿರಲಿಲ್ಲ ಎಂದು ಗೊತ್ತಿದ್ದೂ ನಾನು ಹೇಳಲಿಲ್ಲ. ಎರಡು ವರ್ಷದ ಹಿಂದೆ ಅಮ್ಮ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ಧೈರ್ಯ ಮಾಡಿ, 'ಅಮ್ಮ, ಆ ರೇಸಿನ ದಿನ ಶೆಡ್ಡಿನ ಹತ್ರ ನಾನು...' ಎಂದು ಶುರು ಮಾಡಿದೆ. ಅಮ್ಮ ನನ್ನ ಕೈ ಹಿಡಿದು ಮಾತನ್ನು ಅಲ್ಲಿಗೇ ತುಂಡರಿಸಿದಳು. 'ಏನ್ ಚೆಂದಾಗಿ ಕುಂತಿದ್ದೆ ಮಗಾ ದೋಣೀಲಿ' ಎಂದಳು. ಅಷ್ಟು ಹೇಳಿ ಗೋಡೆಯ ಕಡೆಗೆ ಹೊರಳಿದಳು. ನಾನು ಕ್ಷಮೆ ಕೇಳಬೇಕಿತ್ತು. ಗಂಜಿ ಆರಿಹೋಗುತ್ತದೆಂದು ಎದ್ದು ಅಡುಗೆಮನೆಗೆ ಹೋದೆ.

ಅಮ್ಮನ ವೈಕುಂಠ ಸಮಾರಾಧನೆಯ ದಿನ ಮುನಿರಾಜು ಅಂಕಲ್ ಮೊಮ್ಮಗನ ಕೈಹಿಡಿದುಕೊಂಡು ಬಂದಿದ್ದರು. ಊಟ ಮುಗಿದು ಎಲೆ ಅಡಿಕೆಗೆ ಕೂತಾಗ ಕಣ್ಣೊರೆಸಿಕೊಂಡು, ಪ್ರೀತಿಯಿಂದಲೇ ಆ ಹಳೆಯ ಕಥೆ ತೆಗೆದರು. 'ಪಾಪ, ನಿಮ್ಮಮ್ಮನಂಥ ಒಳ್ಳೆ ಹೆಂಗಸು ಇನ್ನೊಬ್ಬರಿಲ್ಲ ಬಿಡು, ಆದ್ರೆ ಧೈರ್ಯ ಮಾತ್ರ ಇರ್ಲಿಲ್ಲ' ಎಂದರು. ಸುತ್ತ ಇದ್ದವರು ದುಃಖದ ಮನೆಯಲ್ಲಿ ನಗುವಷ್ಟು ಮೆಲ್ಲಗೆ ನಕ್ಕರು. ನನ್ನ ಮಗಳಿಗೆ ಈಗ ಹದಿಮೂರು. ಅಜ್ಜಿಯೆಂದರೆ ಪ್ರಾಣ ಬಿಡುತ್ತಿದ್ದವಳು. ಅವಳು ನಗಲಿಲ್ಲ. ನನ್ನ ಪಕ್ಕಕ್ಕೆ ಬಂದು, 'ಅಮ್ಮಾ, ಅಜ್ಜಿಗೆ ನಿಜವಾಗ್ಲೂ ಅಷ್ಟೊಂದು ಭಯ ಆಗಿತ್ತಾ?' ಎಂದು ಕೇಳಿದಳು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು.

'ಹೂಂ ಕಣೇ' ಎಂದೆ.