ಒಂದೇ ರೋಗದ ಎರಡು ಜೋಡಿ ಕಣ್ಣು

ಕಾರಣವಿಲ್ಲದೆ ನೀರು ಸುರಿಸುವ ಕಣ್ಣುಗಳಿಂದಾಗಿ ನನಗೆ ಮೃದು ಹೃದಯದವನೆಂಬ ಹೆಸರು ಬಂದುಬಿಟ್ಟಿದೆ. ಲಿಂಗಸುಗೂರಿನ ನಮ್ಮ ಕಚೇರಿಯಲ್ಲಿ ಯಾರೇ ನಿವೃತ್ತರಾದರೂ ಬೀಳ್ಕೊಡುಗೆಗೆ ನನ್ನನ್ನು ಮುಂದಿನ ಸಾಲಿನಲ್ಲೇ ಕೂರಿಸುತ್ತಾರೆ. ಇಡೀ ದಿನ ಕಂಪ್ಯೂಟರು ನೋಡಿ ದಣಿದ ಕಣ್ಣಿಗೆ ಫ್ಯಾನಿನ ಗಾಳಿ ತಾಕಿದ್ದೇ ತಡ, ನೀರು ಇಳಿಯತೊಡಗುತ್ತದೆ. ಅದನ್ನು ಕಂಡು ಸನ್ಮಾನಿತರೂ ಗದ್ಗದಿತರಾಗುತ್ತಾರೆ. ಅವರಲ್ಲಿ ಕೆಲವರೊಡನೆ ನಾನು ನೆಟ್ಟಗೆ ಮಾತೂ ಆಡಿರಲಿಲ್ಲವೆಂಬುದು ಆ ಗಳಿಗೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಹೋದ ವರ್ಷ ಭಾವ ತೀರಿಕೊಂಡರು. ಮಸ್ಕಿಯ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿದ್ದವರು; ಎದೆನೋವೆಂದು ಕುಳಿತವರು ಏಳಲಿಲ್ಲ. ಸುದ್ದಿ ತಿಳಿದು ನಾನು ಬೈಕಿನಲ್ಲಿ ಹೊರಟೆ. ಬಿಸಿಗಾಳಿ, ಲಾರಿಗಳ ಧೂಳು. ಅಕ್ಕನ ಮನೆ ಮುಟ್ಟುವಷ್ಟರಲ್ಲಿ ಅಂಗಿಯ ಕಾಲರು ತೊಯ್ದಿತ್ತು. ದುಃಖ ಇರಲಿಲ್ಲವೆಂದಲ್ಲ, ಆದರೆ ಅಷ್ಟು ನೀರು ದುಃಖದ್ದಲ್ಲ. "ಭಾಳ ಅಂತಃಕರಣದ ಮನಷ್ಯಾ" ಎಂದು ನೆರೆಯವರು ನನ್ನನ್ನು ಹಿಡಿದು ಕೂರಿಸಿದರು.

ಅಕ್ಕ ಮಾತ್ರ ಗೋಡೆಗೆ ಒರಗಿ ಸುಮ್ಮನೆ ಕುಳಿತಿದ್ದಳು. ಕಣ್ಣು ಕೆಂಪಗಿದ್ದವು, ಆದರೆ ಒಂದು ಹನಿಯೂ ಇಲ್ಲ. ಬಳಗಾನೂರಿಗೆ ಕೊಟ್ಟಿದ್ದ ಭಾವನ ತಂಗಿ ನೀಲಮ್ಮ ಎಲ್ಲರೆದುರೇ ಅಂದಳು, "ನಮ್ಮಣ್ಣ ಹೋಗ್ಯಾನ. ಅತ್ತಿಗಿ ಕಣ್ಣಾಗ ಒಂದ್ ಹನಿ ನೀರಿಲ್ಲ, ನೋಡ್ರಿ."

ದಿನಕರ್ಮ ಮುಗಿಸಿ ಹೋದ ನೀಲಮ್ಮ ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದವರು.

ಕಣ್ಣನ್ನು ನಮ್ಮ ಹಳೆಯ ಕವಿಗಳು ಕಮಲಕ್ಕೆ ಹೋಲಿಸಿದರು, ಮೀನಿಗೆ ಹೋಲಿಸಿದರು, ಎರಡೂ ನೀರಲ್ಲಿರುವಂಥವೇ. ಒಣಗಿದ ಕಣ್ಣಿಗೆ ಉಪಮೆ ಹುಡುಕಿಕೊಂಡು ಯಾರೂ ಹೋದಂತಿಲ್ಲ. ಹೋಗಿದ್ದರೆ ನನ್ನಕ್ಕನನ್ನು ಕೇಳಬಹುದಿತ್ತು. "ಕಣ್ಣಾಗ ಉಸುಕ ತುಂಬಿದಂಗ ಆಗ್ತದ ತಮ್ಮಾ, ಮುಂಜಾನಿ ರೆಪ್ಪಿ ಬಿಡಸಾಕ ಆಗವಲ್ದು" ಎಂದು ಅವಳು ಈ ಬೇಸಿಗೆಯಲ್ಲಿ ಹೇಳಿದಾಗ ಸಿಂಧನೂರಿನ ಕಣ್ಣಿನ ಡಾಕ್ಟರರಲ್ಲಿಗೆ ಕರೆದೊಯ್ದೆ. ಹೇಗೂ ಬಂದಿದ್ದೇನೆಂದು ನನ್ನ ಕಣ್ಣನ್ನೂ ತೋರಿಸಿದೆ.

ಡಾಕ್ಟರಮ್ಮ ನನ್ನನ್ನು ಪರೀಕ್ಷಿಸಿ, "ನಿಮ್ಮ ಕಣ್ಣು ಒಣಗ್ಯಾವ್ರಿ" ಎಂದರು. ನಾನು ಕರ್ಚೀಫಿನಿಂದ ಕಣ್ಣೊರೆಸಿಕೊಳ್ಳುತ್ತ ಕೇಳುತ್ತಿದ್ದೆ. ಕಂಪ್ಯೂಟರು ನೋಡುವಾಗ ರೆಪ್ಪೆ ಬಡಿಯುವುದನ್ನೇ ಮರೆಯುತ್ತೇವಂತೆ. ಒಣಗಿದ ಕಣ್ಣು ಗಾಳಿಗೆ ಉರಿದು, ಗಾಬರಿಯಿಂದ ಬೇಡದ ನೀರನ್ನೆಲ್ಲ ಸುರಿಸುತ್ತದಂತೆ. ಆಗಾಗ ದೂರ ನೋಡಿ, ಬೇಕೆಂದೇ ರೆಪ್ಪೆ ಬಡಿಯಿರಿ, ಬೈಕಿನಲ್ಲಿ ಕನ್ನಡಕ ಹಾಕಿಕೊಳ್ಳಿ, ಕೂಲರಿಗೆ ಮುಖವೊಡ್ಡಿ ಮಲಗಬೇಡಿ ಎಂದರು. ನನ್ನ ಅಂತಃಕರಣದ ಕಥೆ ಅಲ್ಲಿಗೆ ಮುಗಿಯಿತು.

ಆಮೇಲೆ ಅಕ್ಕನ ಕೆಳರೆಪ್ಪೆಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಕಾದರು. ತೆಗೆದು ನೋಡಿದರೆ ಹೆಚ್ಚುಕಡಿಮೆ ಒಣಗಿಯೇ ಇತ್ತು.

"ರೊಟ್ಟಿ ತಿನ್ನೋ ಮುಂದ ಬಾಯಿ ಒಣಗ್ತದೇನ್ರಿ? ಕೀಲು ನೋಯ್ತಾವೇನು?"

"ಹೌದ್ರಿ. ನೀರಿಲ್ದ ತುತ್ತು ಇಳಿಯಂಗಿಲ್ಲ. ಭಾಳ ವರ್ಷ ಆತು."

"ಇದು ಬರೀ ಕಣ್ಣಿಂದಲ್ರಿ. ರಕ್ತ ಪರೀಕ್ಷಾ ಮಾಡಸಬೇಕು. ನೀರು ಹುಟ್ಟೋ ಗ್ರಂಥಿಗಳೇ ಸೊರಗ್ಯಾವ."

ಅಕ್ಕ ಕೇಳಿದಳು, "ಅಂದ್ರ, ಅತ್ರೂ ನೀರ ಬರಂಗಿಲ್ಲೇನ್ರಿ?"

"ಒಳಗ ಇದ್ರಲ್ಲೇನ್ರಿ ಬರೋದು."

ಬಸ್ಸಿನಲ್ಲಿ ಅವಳು ಕಿಟಕಿಯಾಚೆಯ ಗದ್ದೆಗಳನ್ನೇ ನೋಡುತ್ತಿದ್ದಳು. ಊರು ಸಮೀಪಿಸಿದಾಗ ಅಂದಳು, "ನೀಲಾ ಅಂದದ್ದಕ್ಕ ಸಿಟ್ಟಿರಲಿಲ್ಲ ತಮ್ಮಾ. ನನಗೂ ಹಂಗ ಅನಿಸಿತ್ತು. ಅಷ್ಟು ವರ್ಷ ಅವ್ರ ಕೂಡ ಬಾಳೇವು ಮಾಡಿ, ಕಣ್ಣಾಗ ನೀರ ಬರವಲ್ದು ಅಂದ್ರ ನನ್ನ ಎದಿ ಕಲ್ಲಾಗೇದೇನೋ ಅಂತ."

ಆ ಭಾನುವಾರ ನಾನು ಬಳಗಾನೂರಿಗೆ ಹೋಗಿ ನೀಲಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಚಹಾ ಕೊಟ್ಟು, ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಮನಸ್ಸಿಗೆ ಇಳಿಯಲಿಲ್ಲವೇನೋ ಅಂದುಕೊಂಡು ಮರಳಿದೆ.

ಮುಂದಿನ ವಾರ ಅಕ್ಕನ ಮನೆಗೆ ಹೋದರೆ ನೀಲಮ್ಮ ಪಡಸಾಲೆಯಲ್ಲಿ ಕುಳಿತಿದ್ದಳು. ಕೈಯಲ್ಲಿ ಡಾಕ್ಟರಮ್ಮ ಅಕ್ಕನ ಕಣ್ಣಿಗೆ ಬರೆದುಕೊಟ್ಟಿದ್ದ ಹನಿ ಔಷಧದ ಬಾಟಲಿ.

"ಕಣ್ಣಿಗೆ ಯಾರ ಹಾಕ್ತಾರ ಇದನ್ನ?"

"ನಾನ ಹಾಕ್ಕೊಂತೀನಿ. ಅರ್ಧ ಗಲ್ಲಕ್ಕ ಹೋಗ್ತದ."

"ಇಲ್ಲೆ ಮಕ್ಕೊ ಅತ್ತಿಗಿ."

ಅಕ್ಕ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ನೀಲಮ್ಮ ಬಗ್ಗಿ, ಬೆರಳಿನಿಂದ ರೆಪ್ಪೆ ಬಿಡಿಸಿದಳು. ಹನಿಗಳು ಬಿದ್ದವು, ಒಂದು ಅಕ್ಕನ ಹಣೆಯ ಮೇಲೆ, ಇನ್ನೊಂದು ಮೂಗಿನ ಮೇಲೆ.

ಅಕ್ಕ ಹಣೆ ಒರೆಸಿಕೊಳ್ಳಲಿಲ್ಲ. ಮಲಗಿದಲ್ಲಿಂದಲೇ ಮೆಲ್ಲಗೆ ಅಂದಳು, "ನೀಲಾ, ಬಾಟ್ಲಿ ಮುಚ್ಚಳ ಇನ್ನಾ ತಗದಿಲ್ಲ ನೀ."