ಗಂಗತ್ತೆಯ ಕಾಲ್ಬೆರಳು

ಆಗೆಲ್ಲ ತೆಲುಗು ಸೀಮೆಯ ಅಂಚಿನ ನಮ್ಮ ರೊಳ್ಳದ ಕಡೆಯವರಿಗೆ ಕಾಯಿಲೆ ಬಂದರೆ ಎರಡು ದಾರಿ. ಹಿಂದೂಪುರದ ಬಸ್ಸು ಹತ್ತಿದರೆ ತೆಲುಗು ಡಾಕ್ಟರು, ಗಡಿ ದಾಟಿ ಶಿರಾಕ್ಕೆ ಹೋದರೆ ಕನ್ನಡ ಡಾಕ್ಟರು. ಎರಡೂ ಕಡೆಯ ಚೀಟಿಗಳನ್ನು ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಗೂಡಿನಲ್ಲಿಡುತ್ತಿದ್ದೆವು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಕವರು ಇದ್ದಿರಬಹುದು.

ಆ ಶನಿವಾರ ಬೆಳಿಗ್ಗೆ ಊರ ಹನುಮಂತರಾಯನ ಗುಡಿಯಲ್ಲಿ ನಾವು ಐದು ಜನ ಇದ್ದೆವು. ಅಪ್ಪ, ಅಮ್ಮ, ಕಣ್ಣು ಮಂಜಾಗಿದ್ದ ಪೂಜಾರಿ ತಾತ, ಕಂಬಕ್ಕೊರಗಿ ಎಡಗಾಲು ಚಾಚಿ ಕುಳಿತ ಗಂಗತ್ತೆ, ನೋಟುಪುಸ್ತಕ ಹಿಡಿದ ನಾನು. ನನಗೆ ಹನ್ನೊಂದು ವರ್ಷ.

ಗಂಗತ್ತೆ ಅಪ್ಪನ ಅಕ್ಕ. ಮದುವೆಯಾದ ಎರಡೇ ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದವಳು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಎಲೆಅಡಿಕೆ ಚೀಲದಿಂದ ನನಗೆಂದು ಹುರಿದ ಕಡಲೆಬೀಜ, ಬೆಲ್ಲದ ಚೂರು ತೆಗೆದು ಕೊಡುತ್ತಿದ್ದಳು. ಬೆಲ್ಲಕ್ಕೂ ಹೊಗೆಸೊಪ್ಪಿನ ವಾಸನೆ. ಇವತ್ತಿಗೂ ನನಗೆ ಬರಿ ಬೆಲ್ಲ ಸಪ್ಪೆ ಅನ್ನಿಸುತ್ತದೆ.

ಕಟಾವು ಮಾಡಿದ ರೇಷ್ಮೆತೋಟದಲ್ಲಿ ಬರಿಗಾಲಲ್ಲಿ ನಡೆಯುವಾಗ ನೆಲದಲ್ಲುಳಿದ ಚೂಪು ಕೂಳೆಯೊಂದು ಆಕೆಯ ಕಿರುಬೆರಳಿಗೆ ಹೊಕ್ಕಿತ್ತು. ಸಕ್ಕರೆ ಕಾಯಿಲೆ ಇತ್ತೆಂದು ಗೊತ್ತಾದದ್ದೇ ಆ ಗಾಯ ಮಾಯದೆ ಹೋದಾಗ. ಹಿಂದೂಪುರದ ಡಾಕ್ಟರು ಮೂಗು ಮುಚ್ಚದೆ ಬಗ್ಗಿ ನೋಡಿ, “ವೇಲು ತೀಸೆಯ್ಯಾಲಮ್ಮಾ” ಅಂದರು. ಬೆರಳು ತೆಗೆಯಬೇಕು, ತಡವಾದರೆ ಕಾಲಿಗೆ ಏರುತ್ತದೆ, ಮೂರು ವಾರ ಆಸ್ಪತ್ರೆಯಲ್ಲೇ ಇರಬೇಕು. ಮೂರು ದಿನ ಬಿಟ್ಟು ಶಿರಾಕ್ಕೆ ಹೋದೆವು. ಅಲ್ಲಿಯ ಡಾಕ್ಟರು, “ಈಗ್ಲೇ ಕುಯ್ಯೋದು ಬೇಡ. ಸಕ್ಕರೆ ಇಳಿಸೋಣ, ದಿನ ಬಿಟ್ಟು ದಿನ ಬಂದು ಗಾಯ ತೊಳೆಸಿಕೊಳ್ಳಿ. ಕಪ್ಪಗಾದ್ರೆ ಮಾತ್ರ ಅವತ್ತೇ ಓಡಿ ಬನ್ನಿ” ಅಂದರು.

ಬಸ್ಸಿನಲ್ಲಿ ಅಪ್ಪ ಅಳುವವನಂತಾಗಿದ್ದ. “ಇಬ್ರೂ ಓದ್ದೋರೇ. ಯಾರ ಮಾತು ಕೇಳಾನ ಅಕ್ಕಾ?”

“ಒಬ್ಬ ಕುಯ್ತೀನಿ ಅಂತಾನೆ, ಇನ್ನೊಬ್ಬ ಕಾಯಿ ಅಂತಾನೆ. ನನ್ ಬೆರಳ್ಗೆ ಇಷ್ಟೊಂದ್ ಜನ ನೆಂಟ್ರು ಅವ್ರೆ ಅಂತ ನಂಗೇ ಗೊತ್ತಿರ್ಲಿಲ್ಲ ಕಣ್ಲಾ” ಎಂದು ಅತ್ತೆ ನಕ್ಕಳು. ಆಮೇಲೆ ಕಿಟಕಿ ಕಡೆ ತಿರುಗಿ, “ಹನುಮಂತ್ರಾಯುನ್ನೇ ಕೇಳಾನ ಬಿಡು” ಅಂದಳು.

ಕೇಳುವ ಕ್ರಮ ಹೀಗಿತ್ತು. ‘ಕುಯ್ಯಿಸಬೇಕು’ ಎಂದೊಂದು, ‘ಬೇಡ’ ಎಂದೊಂದು, ಎರಡು ಚೀಟಿ ಬರೆದು, ಮಡಿಸಿ, ದೇವರ ಪಾದದ ಹತ್ತಿರ ಹಾಕುವುದು. ಕಾಯಿಲೆಯವರೇ ಒಂದನ್ನು ಎತ್ತಬೇಕು. ಉಳಿದದ್ದನ್ನು ಬಿಚ್ಚಬಾರದು, ಹಾಗೇ ದೀಪಕ್ಕೆ ಹಿಡಿಯಬೇಕು. ದೇವರು ಆರಿಸದ ಮಾತನ್ನು ಮನುಷ್ಯರು ಓದಬಾರದು ಎಂದು.

“ಮೊಗ ಬರೀಲಿ ಕಣಪ್ಪ. ಅದ್ಕೇನ್ ಗೊತ್ತು ಕಪಟ” ಎಂದರು ಪೂಜಾರಿ ತಾತ. ನಮ್ಮಲ್ಲಿ ಓದು ಬರಹ ಬರುತ್ತಿದ್ದದ್ದೂ ನನಗೊಬ್ಬಳಿಗೇ.

ಈಗ ನನ್ನ ಕಪಟ ಹೇಳಬೇಕು. ಮರುವಾರ ಮಡಕಶಿರಾದಲ್ಲಿ ಶಾಲೆಗಳ ಖೋ-ಖೋ ಪಂದ್ಯ ಇತ್ತು. ನಾನು ತಂಡದಲ್ಲಿದ್ದೆ. ಮನೆಯಲ್ಲಿ ರೇಷ್ಮೆಹುಳುಗಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಬಿಟ್ಟು, ಹಾಕಿದಷ್ಟೂ ಸೊಪ್ಪು ಮೇಯುತ್ತಿದ್ದವು. ಅತ್ತೆಯ ಜೊತೆ ಅಮ್ಮ ಆಸ್ಪತ್ರೆಯಲ್ಲಿ ಕೂತರೆ ಹುಳಕ್ಕೆ ಸೊಪ್ಪು ಹಾಕುವವಳು ನಾನೇ. ಶಾಲೆಯೂ ಇಲ್ಲ, ಆಟವೂ ಇಲ್ಲ. ಅತ್ತೆಯ ಬೆರಳು ಕುಯ್ಯುತ್ತಾರಲ್ಲ ಎಂಬ ಕನಿಕರದಿಂದ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನಾನು ನೆನೆದದ್ದು ಮೈದಾನವನ್ನು.

ಎರಡು ಚೀಟಿಯಲ್ಲೂ ‘ಬೇಡ’ ಎಂದು ಬರೆದೆ.

ಅತ್ತೆ ಕಣ್ಣು ಮುಚ್ಚಿ, ತುಟಿ ಆಡಿಸುತ್ತ ಬಹಳ ಹೊತ್ತು ಕುಳಿತಳು. ಆಮೇಲೆ ಕೈ ಚಾಚಿ ಒಂದು ಚೀಟಿ ಮುಟ್ಟಿದಳು, ಬಿಟ್ಟಳು, ಇನ್ನೊಂದನ್ನು ಎತ್ತಿದಳು. ಅದನ್ನು ಕಣ್ಣಿಗೊತ್ತಿಕೊಂಡು ನನಗೇ ಕೊಟ್ಟಳು.

“ಏನೈತೆ, ಓದೇ ರತ್ನಿ.”

“ಬೇಡ ಅಂತೈತೆ ಅತ್ತೆ.”

“ನೋಡಿದ್ಯೇನ್ಲಾ ತಮ್ಮ!” ಎಂದು ಅಪ್ಪನ ಬೆನ್ನಿಗೊಂದು ಗುದ್ದಿದಳು. ಪೂಜಾರಿ ತಾತ ಉಳಿದ ಚೀಟಿಯನ್ನು ದೀಪಕ್ಕೆ ಹಿಡಿದರು. ನನ್ನ ಕೈಬರಹ ಉರಿದು ಹೋಯಿತು.

ಕುಯ್ಯುವುದು ಬೇಡ ಎಂದರೆ ಏನೂ ಬೇಡ ಎಂದೇ ಮನೆಯವರು ತಿಳಿದರು. ದೇವರೇ ಹೇಳಿದ ಮೇಲೆ ದಿನ ಬಿಟ್ಟು ದಿನ ಶಿರಾಕ್ಕೆ ಹೋಗುವುದು ಅಪನಂಬಿಕೆ ಆಗುವುದಿಲ್ಲವೇ? ಒಂದು ಸಲ ಹೋದರು, ಆಮೇಲೆ ಬಿಟ್ಟರು. ಅರಿಶಿನ, ಬೇವಿನೆಣ್ಣೆ ಹಚ್ಚಿದರು. ನಾನು ಮಡಕಶಿರಾಕ್ಕೆ ಹೋದೆ. ಮೊದಲ ಆಟದಲ್ಲೇ ಸೋತೆವು. ಮೇಷ್ಟ್ರು ನನ್ನನ್ನು ಹೊರಗೇ ಕೂರಿಸಿದ್ದರು, ಕಣಕ್ಕೆ ಇಳಿಸಲೇ ಇಲ್ಲ. ಬರುವಾಗ ಅತ್ತೆಗೆಂದು ಎಲೆಅಡಿಕೆ ತಂದೆ. ಹೊಸಿಲಲ್ಲೇ ವಾಸನೆ ಬಂತು. ಹುಳದ ಮನೆಯ ಸುಣ್ಣದ ವಾಸನೆಯಲ್ಲ, ಬೇರೆ. ಬೆರಳು ಕಪ್ಪಗಾಗಿತ್ತು.

ಹಿಂದೂಪುರದಲ್ಲಿ ಮೊಣಕಾಲ ಕೆಳಗಿನಿಂದ ತೆಗೆದರು. ಆಗ ಡಾಕ್ಟರು ಅಪ್ಪನಿಗೆ ಬೈದರು; ಅಪ್ಪ ತಲೆ ತಗ್ಗಿಸಿ ಬೈಸಿಕೊಂಡ. ನಾನು ಬಾಗಿಲ ಹಿಂದೆ ನಿಂತಿದ್ದೆ.

ಅತ್ತೆ ಮಾತ್ರ ಯಾರನ್ನೂ ಬೈಯಲಿಲ್ಲ. ಕಂಕುಳಿಗೆ ಕೋಲು ಕೊಟ್ಟುಕೊಂಡು ನಡೆಯುವುದನ್ನು ಕಲಿತಳು, ಕೂತಲ್ಲೇ ಸೊಪ್ಪು ಹೆಚ್ಚಿದಳು. ಕೇಳಿದವರಿಗೆಲ್ಲ ಗುಡಿಯ ಕಡೆ ಕೈ ತೋರಿಸಿ, “ಅವ್ನ್ ಕೇಳ್ದ, ನಾನ್ ಕೊಟ್ಟೆ. ಕಾಲೊಂದ್ರಲ್ಲೇ ಬಿಟ್ನಲ್ಲ” ಎನ್ನುತ್ತಿದ್ದಳು. ಹಾಗೆಂದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ನಾನು ಓದಿದೆ, ರಾಯದುರ್ಗದ ಕಡೆ ಟೀಚರಾಗಿ ಹೋದೆ. ಅಲ್ಲಿ “ಬರ್ರಿ, ಕುಂದರ್ರಿ” ಎನ್ನುವ ಜನರ ನಡುವೆ ಇಪ್ಪತ್ತು ವರ್ಷ ಇದನ್ನು ಒಳಗಿಟ್ಟುಕೊಂಡೆ. ಹೋದ ವರ್ಷ ರಜೆಗೆ ಊರಿಗೆ ಹೋದಾಗ, ಒಂದು ಸೋಮವಾರ ಮಧ್ಯಾಹ್ನ, ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿ, ಹೊಡೆಯಲಿ, ನನ್ನ ಎದೆ ಹಗುರಾದರೆ ಸಾಕು ಎಂದುಕೊಂಡಿದ್ದೆ.

ಅತ್ತೆ ಬೈಯಲಿಲ್ಲ. ನನ್ನ ಕೈಯನ್ನು ತಲೆಯಿಂದ ಮೆಲ್ಲಗೆ ತೆಗೆದಳು.

“ಅವ್ನ್ ಕೇಳ್ದ ಅಂತ ಸುಮ್ಕಿದ್ನಲ್ಲೇ” ಅಂದಳು. ಹಣೆಗಿಳಿದ ಎಣ್ಣೆಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತ, “ಇದ್ನ ಈಗ್ ಯಾಕ್ ಹೇಳ್ದೆ?” ಎಂದಳು.

ನಾನು ಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದೆ. ಹನ್ನೊಂದರ ವಯಸ್ಸಿನಲ್ಲಿ ಅತ್ತೆಯ ಒಂದು ಕಾಲು ಕಳೆದೆ. ಬುದ್ಧಿ ಬಂದ ಮೇಲೆ, ಆ ಕಾಲಿಲ್ಲದೆಯೂ ನೆಮ್ಮದಿಯಾಗಿ ಬದುಕಲು ಆಕೆ ಕಟ್ಟಿಕೊಂಡಿದ್ದ ನಂಬಿಕೆಯನ್ನೂ ಕಿತ್ತುಕೊಂಡೆ. ಮೊದಲನೆಯದನ್ನು ಮಗುವಿನ ತಪ್ಪು ಅನ್ನಬಹುದು. ಎರಡನೆಯದಕ್ಕೆ ಏನೆನ್ನಲಿ?

ನಾನು ರಾಯದುರ್ಗಕ್ಕೆ ಮರಳಿದ ಮೇಲೆ, ಆ ಶುಕ್ರವಾರವೇ ಅಮ್ಮ ಫೋನ್ ಮಾಡಿದಳು. ಇಲ್ಲದ ಕಾಲಿನ ಬೆರಳು ಉರಿಯುತ್ತದೆ ಎಂದು ಗಂಗತ್ತೆ ಗೋಳಾಡುತ್ತಿದ್ದಾಳಂತೆ. ನಾನು ಮರುದಿನವೇ ರಜೆ ಹಾಕಿ ಹೋಗಿ ಆಕೆಯನ್ನು ಹಿಂದೂಪುರಕ್ಕೆ ಕರೆದುಕೊಂಡು ಹೋದೆ. ಕಾಲು ತೆಗೆದವರಲ್ಲಿ ಕೆಲವರಿಗೆ ಹೀಗಾಗುತ್ತದೆ ಎಂದರು ಅಲ್ಲಿದ್ದ ಹೊಸ ಡಾಕ್ಟರಮ್ಮ. ಬರೆದುಕೊಳ್ಳುತ್ತ, ಇಷ್ಟು ವರ್ಷವೂ ಈ ನೋವು ಇತ್ತೇ ಎಂದು ಕೇಳಿದರು.

“ಇಲ್ಲಮ್ಮ” ಎಂದಳು ಅತ್ತೆ, ನನ್ನ ಕಡೆ ನೋಡದೆ. “ಹೋದ್ ಸೋಮ್ವಾರದಿಂದ.”